ಶಾಸ್ತ್ರದಲ್ಲಿಲ್ಲದ ಗೋಪುರ

"ಕೇಳಿರಪ್ಪೋ ಕೇಳಿ! ಮಣಲೂರಿನ ಕಂಚಿಗರಸರು ಮೂರು ಒಗಟು ಇಟ್ಟಿದ್ದಾರೆ. ಒಡೆದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!"

ಡಂಗುರ ಕೇಳಿ, ಸುಣ್ಣ ಕುಟ್ಟುವ ಬೂಚ ಕೈಯಲ್ಲಿದ್ದ ಒನಕೆ ಕೆಳಗಿಟ್ಟ. ಅರಸ ತನ್ನಜ್ಜನ ಗೋಪುರಕ್ಕಿಂತ ಎತ್ತರದ ಗೋಪುರ ಎಬ್ಬಿಸುತ್ತಿದ್ದ. ಬೂಚನ ಅಪ್ಪನನ್ನು ಅಲ್ಲಿಗೆ ಬಿಟ್ಟಿ ಕೆಲಸಕ್ಕೆ ಎಳೆದೊಯ್ದು ಮೂರು ವರ್ಷವಾಗಿತ್ತು. ಹೋದವರು ಹೆಣವಾಗಿ ಬರುವುದೇ ಹೆಚ್ಚು. ಅಪ್ಪ ಈಗ ರಕ್ತ ಕೆಮ್ಮುತ್ತಿದ್ದಾನಂತೆ. ತಲೆ ಹೋದರೆ ಹೋಗಲಿ ಅಂತ ಬೂಚ ಅರಮನೆಗೆ ನಡೆದ.

ಅರಸನಿಗೂ ಒಂದು ಕೊರಗು, ಪಾಪ! ಅಜ್ಜನ ಗೋಪುರದ ಬುಡದಲ್ಲೇ ಕೂತು ಮುನಿಯೊಬ್ಬ ಶಾಸ್ತ್ರ ಬರೆದಿದ್ದ. ಅದರಲ್ಲಿ ಇರುವೆಗೂ ಜಾಗವಿದೆ, ಗೋಪುರದ ಸೊಲ್ಲೇ ಇಲ್ಲ. ತನ್ನದಕ್ಕೂ ಇದೇ ಗತಿಯಾದರೆ?

"ದಿನಾ ಕಂಡರೂ ಯಾರೂ ಯಾರಿಗೂ ಹೇಳದ್ದು ಯಾವುದು?" ಎಂದ ಅರಸ.

ನೆರೆಸೀಮೆಯ ರಾಜಕುಮಾರ "ದೇವರು" ಅಂದ. ತಲೆ ಹೋಯಿತು. ದಾಮಪಂಡಿತ "ನಮ್ಮ ನಮ್ಮ ತಪ್ಪು" ಅಂದ. ಅಷ್ಟು ಓದಿ ಏನು ಬಂತು, ಅವನದೂ ಹೋಯಿತು.

ಬೂಚ ಮುಂದೆ ಬಂದು ಕೈಮುಗಿದ. "ಗೋಪುರ, ಬುದ್ಧೀ. ಮನೆಯವರಿಗೆ ಯಾರಾದರೂ ಮನೆ ಗೋಡೆಯ ಸುದ್ದಿ ಹೇಳುತ್ತಾರಾ? ಮುನಿ ಬರೆದದ್ದು ಊರಿನವರಿಗೆ. ಅವರಿಗೆ ಅದು ಕಂಡದ್ದೇ."

"ಸರಿ. ಸಾವಿರ ಕೈ ಎತ್ತಿದರೂ ಒಂದು ಬಾಯೂ ಹೊಗಳದ್ದು ಯಾವುದು?"

"ಅದೂ ಗೋಪುರವೇ. ಬಿಟ್ಟಿ ದುಡಿದವರು ಹೊಗಳುತ್ತಾರಾ ಬುದ್ಧೀ? ಮುನಿಯ ಕಿವಿಗೆ ಬಿದ್ದದ್ದು ನಮ್ಮವರ ಅಳು."

ಅರಸನ ಹುಬ್ಬು ಗಂಟಾಯಿತು. "ಕೊನೆಯದು. ಶಾಸ್ತ್ರದಲ್ಲಿ ನಮ್ಮಜ್ಜನ ಗೋಪುರ ಎಲ್ಲಿದೆ, ತೋರಿಸು. ಇಲ್ಲ ಅಂದರೂ ತಲೆ ಹೋಗುತ್ತದೆ."

ಬೂಚ ಕಣ್ಣುಮುಚ್ಚಿ ಕೆಲಸದ ಲಯದಲ್ಲೇ ಶುರುಮಾಡಿದ: "ಕುಂಟ ಕೇತ, ಎರೆಯ, ಚಿಕ್ಕ ಮಾಚ, ಬೋಸಿಗ..."

"ಸಾವಿನ ಮನೆಯಲ್ಲಿ ಓದುವ ಶಾಸ್ತ್ರದ ಅಧ್ಯಾಯ ಅದು!" ಎಂದರು ಪಂಡಿತರು. "ಋಷಿಗಳ ಹೆಸರು. ಕುಂಟ ಕೇತ ಒಂಟಿಕಾಲಲ್ಲಿ ತಪಸ್ಸು ಮಾಡಿದವನು."

"ಕಾಲ ಮೇಲೆ ಕಲ್ಲು ಬಿದ್ದವನು, ಸ್ವಾಮೀ. ಸುಣ್ಣ ಕುಟ್ಟುವಾಗ ಒಂದೊಂದು ಪೆಟ್ಟಿಗೆ, ಕೆಲಸದಲ್ಲಿ ಸತ್ತ ಒಬ್ಬೊಬ್ಬರ ಹೆಸರು ಹೇಳುವುದು ನಮ್ಮ ಪದ್ಧತಿ. ಇವರೆಲ್ಲ ಆ ಗೋಪುರಕ್ಕೆ ಸತ್ತವರು. ಮುನಿ ಕಲ್ಲು ಬಿಟ್ಟು ಇವರನ್ನು ಬರೆದುಕೊಂಡ."

ಅರಸ ಎದ್ದು ಬಂದು ಬೂಚನಿಗೆ ಶಾಲು ಹೊದಿಸಿದ. ಬೇಡಿದಂತೆ ಅಪ್ಪನನ್ನು ಬಿಡಿಸಿದ. "ಒಟ್ಟು ಎಷ್ಟು ಹೆಸರು?" ಎಂದು ಕೇಳಿದ.

"ನಲವತ್ತು, ಬುದ್ಧೀ."

ಅರಸನ ಮುಖ ಅರಳಿತು. "ಶಾಸ್ತ್ರದಲ್ಲಿ ಜಾಗ ಸಿಗುವುದು ಹೀಗೋ! ಮಂತ್ರಿಗಳೇ, ನಮ್ಮದಕ್ಕೆ ನಾನೂರಾದರೂ ಇರಲಿ. ಇವತ್ತಿನಿಂದಲೇ ಮನೆಗೊಬ್ಬರಲ್ಲ, ಇಬ್ಬರನ್ನು ಹಿಡಿದು ತನ್ನಿ."

"ಅಯ್ಯೋ, ನಾನು ಹೇಳಿದ್ದು ಅದಲ್ಲ!" ಎಂದು ಬೂಚ ಕಾಲಿಗೆ ಬಿದ್ದ. ಭಟರು ಎಬ್ಬಿಸಿ ಹೊರಗೆ ಕಳಿಸಿದರು.

ಹೊರಗೆ ಅಪ್ಪ ಗೋಡೆಗೆ ಒರಗಿ ಕೂತಿದ್ದ. "ಏನು ಹೇಳಿ ಬಿಡಿಸಿಕೊಂಡೆ, ಮಗಾ?"

ತನ್ನ ಬಾಯೇ ತನ್ನ ಓಣಿಯನ್ನು ನುಂಗಿತಲ್ಲ ಅಂದುಕೊಂಡ ಬೂಚ. ಅಪ್ಪನನ್ನು ಬೆನ್ನ ಮೇಲೆ ಹೊತ್ತು ನಡೆದ.

ಊರ ಬಾಗಿಲಲ್ಲಿ ಭಟರು ಆಗಲೇ ಅವನ ಓಣಿಯ ಗಂಡಸರನ್ನು ಕಟ್ಟಿ ತರುತ್ತಿದ್ದರು. ಪಕ್ಕದ ಮನೆಯ ಎಚ್ಚ ಇವರನ್ನು ಕಂಡು ಕಟ್ಟಿದ ಕೈಯನ್ನೇ ಎತ್ತಿ ಹರಸಿದ. "ಅಪ್ಪನನ್ನು ಉಳಿಸಿಕೊಂಡೆಯಲ್ಲ ಬೂಚಾ, ನಿನ್ನ ಹೊಟ್ಟೆ ತಣ್ಣಗಿರಲಿ!"