ಶೆಟ್ಟರ ಮೂರು ಸುತ್ತು

1984ರ ಜೂನ್ 11, ಸೋಮವಾರದ ನನ್ನ ದಿನಚರಿಯಲ್ಲಿ ಈ ಪ್ರಸಂಗವಿದೆ.

ನಮ್ಮೂರ ಮಾರುಕಟ್ಟೆಯ ಬಳಿ ಹೊಸದಾಗಿ ವೃತ್ತ ಕಟ್ಟಿದ್ದರು. ಅಲ್ಲಿ ಯಾರೂ ನಿಂತು ಕಾಯಬೇಕಿಲ್ಲ, ಡಿಕ್ಕಿಯೂ ಕಡಿಮೆ. ಆದರೆ ಬಲಕ್ಕೆ ತಿರುಗುವವರು ಮುಕ್ಕಾಲು ವೃತ್ತ ಸುತ್ತಲೇಬೇಕು. ಪುರಸಭೆಯ ಅಧ್ಯಕ್ಷ ಪದ್ಮನಾಭ ಶೆಟ್ಟರಿಗೆ ಅದು ಅವಮಾನ. ಅಂದು ಅವರ ಕಾರು ಸುತ್ತದೆ ನೇರ ಬಲಕ್ಕೇ ನುಗ್ಗಿತು. ಪೇದೆ ಅಡ್ಡ ನಿಂತ. ಹಿಂದಿನ ಆಟೋದಲ್ಲಿ ನಾನಿದ್ದೆ. ಶೆಟ್ಟರು ಕಿಟಕಿಯಿಂದ ಗುಡುಗಿದರು.

“ಯಾರ ಕಾರು ಗೊತ್ತೇನೋ? ದಾರಿ ಬಿಡು. ಇಲ್ಲದಿದ್ದರೆ ನಾಳೆಯೇ ನಿನಗೆ ವರ್ಗ!”

ಪೇದೆ ಪಕ್ಕಕ್ಕೆ ಸರಿದ. ಟೋಪಿ ತೆಗೆದು ತಲೆ ತಗ್ಗಿಸಿ ನಿಂತ.

“ಇದೇನಯ್ಯ ನಾಟಕ?”

“ಮನೆಯಲ್ಲಿ ಯಾರು ಹೋದರು ಸ್ವಾಮಿ?”

“ಯಾರು ಹೋಗೋದು?”

“ವೃತ್ತವನ್ನು ಬಲಕ್ಕಿಟ್ಟು ಸುತ್ತಿದರೆ ಪ್ರದಕ್ಷಿಣೆ. ನೀವು ಎಡಕ್ಕಿಟ್ಟು ಹೊರಟಿದ್ದೀರಿ. ಹಾಗೆ ಸುತ್ತುವುದು ಹೆಣವನ್ನಲ್ಲವೇ? ಅದಕ್ಕೇ ಕೇಳಿದೆ.”

ಡ್ರೈವರ್ ಸ್ಟಿಯರಿಂಗ್‌ನಿಂದ ಕೈ ತೆಗೆದುಬಿಟ್ಟ. ಶೆಟ್ಟರ ದನಿ ಇಳಿಯಿತು.

“ಹಿಂದಕ್ಕೆ ತೆಗಿಯೋ. ಏನಪ್ಪಾ, ದೋಷ ಹೋಗೋಕೆ ಎಷ್ಟು ಸುತ್ತು?”

“ಮೂರು ಸಾಕು ಸ್ವಾಮಿ. ನಿಧಾನವಾಗಿ.”

ಶೆಟ್ಟರು ಕಾರಿನಲ್ಲೇ ಕೈಮುಗಿದು ಸುತ್ತಿದರು. ಪೇದೆ ಟೋಪಿ ಹಾಕಿಕೊಂಡು ಉಳಿದವರನ್ನೆಲ್ಲ ತಡೆದ. ಸಿಟಿ ಬಸ್ಸಿನವರು ಮಾತ್ರ ಕೈಮುಗಿಯಲಿಲ್ಲ, ಬೈದರು.

ಪೇದೆಗೆ ವರ್ಗವಾಗಲಿಲ್ಲ. ಅದನ್ನು ತಪ್ಪಿಸಲು ತಗುಲಿದ್ದು ಶೆಟ್ಟರ ಮೂರು ಸುತ್ತಿನ ಪೆಟ್ರೋಲು, ನಿಂತಲ್ಲೇ ಓಡಿದ ನನ್ನ ಆಟೋ ಮೀಟರಿನ ಎರಡು ರೂಪಾಯಿ.