ಓಗುಂಡು

ಕೋಲಾರದ ಸೀಮೆಯ ಮಾರಕುಂಟೆಯಲ್ಲಿ ಬಸ್ಸಿಳಿದು ಹುಣಸೆತೋಪಿನ ಪಕ್ಕದ ದಾರಿ ಹಿಡಿದರೆ ಅರ್ಧ ಮೈಲಿಯಲ್ಲಿ ಹೆಣ್ಣುಮಕ್ಕಳ ಅಮೆರಿಕನ್ ಶಾಲೆ ಸಿಗುತ್ತದೆ. ಕೆಂಪು ಇಟ್ಟಿಗೆಯ ಎರಡಂತಸ್ತಿನ ಕಟ್ಟಡ, ನಡುವೆ ಚೌಕವಾದ ಅಂಗಳ, ಅಂಗಳದ ತಲೆಗೆ ಒಂದು ಗಂಟೆ ಗೋಪುರ. ಮಾಡು ವಿಪರೀತ ಕಡಿದು. ಹಿಮ ಬಿದ್ದರೆ ಜಾರಿಹೋಗಲಿ ಎಂದು ಹಾಗೆ ಕಟ್ಟಿದ್ದಾರೆ, ಆದರೆ ನಮ್ಮಲ್ಲಿ ಮಳೆಯೇ ಅಪರೂಪ. ತರಗತಿಯ ಗೋಡೆಯಲ್ಲಿ ಬೆಂಕಿಗೂಡು ಇದೆ, ಅದರಲ್ಲಿ ಒಂದು ದಿನವೂ ಬೆಂಕಿ ಹಾಕಿಲ್ಲ. ಶಾಲೆಯ ಹಿಂಬದಿಗೆ ಇನ್ನೂರು ಗಜ ದೂರದಲ್ಲಿ, ಬೋಳು ಹಾಸುಬಂಡೆಯ ಮೇಲೆ ಮನೆಯಷ್ಟು ದೊಡ್ಡದೊಂದು ಗುಂಡುಕಲ್ಲು ನಿಂತಿದೆ. ಅದಕ್ಕೆ ಓಗುಂಡು ಎಂದು ಹೆಸರು. ಇಂಗ್ಲಿಷಿನ ಓ ಅಕ್ಷರದ ಹಾಗೆ ದುಂಡಗಿರುವುದರಿಂದ ಆ ಹೆಸರು ಬಂತೆಂದು ಈಗಿನ ಮಕ್ಕಳು ಹೇಳುತ್ತಾರೆ. ಮೂವತ್ತೊಂದು ವರ್ಷ ಅಲ್ಲಿ ಕನ್ನಡ ಪಾಠ ಮಾಡಿದ ನಾನು ಅವರನ್ನು ತಿದ್ದುತ್ತಲೇ ಬಂದೆ. ಕಲ್ಲಿನ ಆಕಾರಕ್ಕೂ ಆ ಹೆಸರಿಗೂ ಸಂಬಂಧವಿಲ್ಲ.

ಹಿಂದೆ ಒಮ್ಮೆ, ಮೈಸೂರು ಸೀಮೆಗೆ ಪ್ಲೇಗು ಹೊಸದಾಗಿ ಕಾಲಿಟ್ಟ ಕಾಲದಲ್ಲಿ, ಈ ಶಾಲೆಯನ್ನು ಮಿಸ್ ಲವೀನಿಯಾ ಕೋಲ್ ಎಂಬಾಕೆ ನಡೆಸುತ್ತಿದ್ದಳು. ಆಕೆ ಅಮೆರಿಕದ ಒಹಾಯೊ ಸೀಮೆಯವಳು. ಅಲ್ಲಿ ಹೆಣ್ಣುಮಕ್ಕಳಿಗೆಂದು ಹೊಸದಾಗಿ ಎದ್ದಿದ್ದ ಕಾಲೇಜೊಂದರಲ್ಲಿ ಓದಿ ಹಡಗು ಹತ್ತಿದವಳು. ತಾನು ಓದಿದ ಕಾಲೇಜಿನ ಚಿತ್ರವನ್ನು ಮಾರಕುಂಟೆಯ ಗಾರೆಯವರ ಮುಂದೆ ಹರಡಿ, ಇದೇ ರೀತಿ ಕಟ್ಟಿಕೊಡಿ ಎಂದಳಂತೆ. ಅವರು ಮಾಡು, ಹೊಗೆಗೂಡು ಯಾವುದನ್ನೂ ಬಿಡದೆ ಕಟ್ಟಿದರು. ಚಿತ್ರದಲ್ಲಿ ಇಲ್ಲದ್ದು ಒಂದೇ, ಸುತ್ತಲಿನ ಗೋಡೆ. ಅದು ಊರಿನ ತಾಯ್ತಂದೆಯರ ಬೇಡಿಕೆ. ಹೆಣ್ಣುಮಕ್ಕಳನ್ನು ಬಯಲಲ್ಲಿ ಬಿಟ್ಟು ಹೋಗಲಾರೆವು ಎಂದು ಅವರು ಹಟ ಹಿಡಿದ ಮೇಲೆ ಎಂಟಡಿ ಎತ್ತರದ ಕಲ್ಲುಗೋಡೆ ಎದ್ದಿತು. ಊರವರ ಬಾಯಲ್ಲಿ ಮಿಸ್ ಕೋಲ್ ಕೋಲಮ್ಮನಾದಳು. ಆಕೆ ಕೈಯಲ್ಲಿ ಎಂದೂ ಕೋಲು ಹಿಡಿಯಲಿಲ್ಲ ಎನ್ನುತ್ತಾರೆ.

ಆ ಶಾಲೆಯಲ್ಲಿ ಓದುತ್ತಿದ್ದವರಲ್ಲಿ ಪಿಳ್ಳಮ್ಮ ದೊಡ್ಡವಳು. ಹದಿನಾಲ್ಕು ವರ್ಷ. ಅವಳ ತಾಯಿ ಯರ್ರಕ್ಕ ಗಂಡನಿಲ್ಲದವಳು, ಬಾಣಲೆಯಲ್ಲಿ ಪುರಿ ಹುರಿದು ಸಂತೆಯಿಂದ ಸಂತೆಗೆ ಹೊತ್ತು ಮಾರುವವಳು. ಮಗಳಿಗೆ ಒಂಬತ್ತು ತುಂಬಿದಾಗ ತೀರಿದ ಗಂಡನ ಕಡೆಯವರು ಹುಡುಗಿಯ ಮದುವೆಯ ಮಾತು ತೆಗೆದರು. ಯರ್ರಕ್ಕ ಮಗಳನ್ನು ಕರೆತಂದು ಶಾಲೆಯ ಜಗಲಿಯ ಮೇಲೆ ಕೂರಿಸಿ, "ಇವಳ ಕೈಗೆ ಬಾಣಲೆ ಬರಬಾರದು ದೊರೆಸಾನಿ" ಎಂದು ಇಷ್ಟೇ ಹೇಳಿ ಹೋಗಿದ್ದಳು. ಅಂದಿನಿಂದ ವಾರಕ್ಕೊಮ್ಮೆ ಬಂದು ಮಗಳ ತಲೆ ಬಾಚಿ ಹೋಗುವಳು.

ದೀಪಾವಳಿ ಕಳೆದ ವಾರ ಪೇಟೆಯ ದವಸದ ಅಂಗಡಿಗಳಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಮೂರನೆಯ ದಿನ ಅಂಗಡಿಯವನೊಬ್ಬನಿಗೆ ಕಂಕುಳಲ್ಲಿ ಗೆಡ್ಡೆ ಕಟ್ಟಿತು. ಕೋಲಮ್ಮ ಡಂಗುರ ಹೊಡೆಸಿದಳು: ಮಕ್ಕಳನ್ನು ಕರೆದುಕೊಂಡು ಹೋಗುವವರು ಇಂದು ಸಂಜೆಯ ಗಂಟೆಯೊಳಗೆ ಬರಬೇಕು, ಗಂಟೆ ಹೊಡೆದ ಮೇಲೆ ಪ್ಲೇಗು ತೊಲಗುವ ತನಕ ಯಾರೂ ಒಳಗೆ ಬರುವಂತಿಲ್ಲ, ಯಾರೂ ಹೊರಗೆ ಹೋಗುವಂತಿಲ್ಲ. ಕೆಲವರು ಬಂದು ಮಕ್ಕಳನ್ನು ಕರೆದೊಯ್ದರು. ಹತ್ತೊಂಬತ್ತು ಹುಡುಗಿಯರು ಉಳಿದರು. ಯರ್ರಕ್ಕ ಆ ಹೊತ್ತು ಎರಡು ಹರದಾರಿ ಆಚೆಯ ಸಂತೆಯಲ್ಲಿದ್ದಳು. ಸುದ್ದಿ ತಡವಾಗಿ ಕೇಳಿ ಓಡಿ ಬರುವಷ್ಟರಲ್ಲಿ ಗೇಟಿಗೆ ಬೀಗ ಬಿದ್ದು ಎರಡು ದಿನವಾಗಿತ್ತು.

ಗೇಟಿನ ಕಂಬಿಗಳಿಂದ ಹತ್ತು ಮಾರು ಹಿಂದೆ ನಿಂತು ಕೋಲಮ್ಮ ಅವಳೊಂದಿಗೆ ಮಾತಾಡಿದಳು. ಆಕೆಯದು ಪುಸ್ತಕದ ಕನ್ನಡ.

"ನನ್ನ ಮಗಳನ್ನ ನಂಗೆ ಕೊಟ್ಬಿಡಿ. ಊರೋರೆಲ್ಲ ಹೊಲಕ್ಕೆ ಹೋಗಿ ಗುಡಿಸಲು ಹಾಕ್ತಾವ್ರೆ. ನಾವೂ ಹೋಗ್ತೀವಿ" ಎಂದಳು ಯರ್ರಕ್ಕ.

"ನಾನು ಓದುತ್ತಿದ್ದಾಗ ನಮ್ಮ ಕಾಲೇಜಿನಲ್ಲಿ ಜ್ವರ ಬಂದಿತು. ನಮ್ಮನ್ನೆಲ್ಲ ಮನೆಗೆ ಕಳುಹಿಸಿದರು. ನಾನು ರೈಲು ಹತ್ತಿ ಮನೆಗೆ ಹೋದೆನು, ನನ್ನ ಸಂಗಡ ಜ್ವರವೂ ಬಂದಿತು. ನಾನು ಬದುಕಿದೆನು. ನನ್ನ ಇಬ್ಬರು ತಮ್ಮಂದಿರು ಬದುಕಲಿಲ್ಲ. ನಾನು ಬೀಗ ತೆಗೆಯುವುದಿಲ್ಲ, ಯರ್ರಕ್ಕಾ."

ಯರ್ರಕ್ಕ ಎರಡೂ ಕೈಯಲ್ಲಿ ಕಂಬಿ ಹಿಡಿದಳಂತೆ. ಬೈಯಲಿಲ್ಲ, ಅಳಲೂ ಇಲ್ಲ. "ಅವಳು ಇದಾಳೋ ಇಲ್ಲವೋ ನಂಗೆ ಹ್ಯಾಗೆ ಗೊತ್ತಾಗ್ಬೇಕು?" ಎಂದಳು.

ಅಂದು ಹೊತ್ತು ಮುಳುಗುವ ಮೊದಲು ಯರ್ರಕ್ಕ ಶಾಲೆಯ ಹಿಂದಿನ ಗುಂಡುಕಲ್ಲನ್ನು ಹತ್ತಿದಳು. ಅಲ್ಲಿಂದ ಗೋಡೆಯ ಆಚೆ ಮಹಡಿಯ ಕಿಟಕಿಗಳು ಕಾಣುತ್ತಿದ್ದವು. ಸಂತೆಯಲ್ಲಿ ಕೂಗಿ ಪಳಗಿದ ಗಂಟಲು ಅವಳದು. ಪಿಳ್ಳಮ್ಮಾ ಎಂದು ಕರೆದಳು. ಮಹಡಿಯಿಂದ ಓ ಎಂಬ ದನಿ ಬಂತು. ಮರುದಿನವೂ ಹತ್ತಿದಳು. ಹೊಲಗಳಲ್ಲಿ ಚದುರಿಹೋಗಿದ್ದ ತಾಯಂದಿರಿಗೆ ಸುದ್ದಿ ಮುಟ್ಟಿ, ನಮ್ಮ ಹುಡುಗಿಯನ್ನೂ ಒಂದು ಸಲ ಕರೆಯೇ ಎಂದು ಒಬ್ಬೊಬ್ಬರಾಗಿ ಅವಳಿಗೆ ಹೆಸರು ಒಪ್ಪಿಸಿದರು. ವಾರದೊಳಗೆ ಹತ್ತೊಂಬತ್ತು ಹೆಸರೂ ಅವಳ ಬಾಯಲ್ಲಿದ್ದವು. ದಿನಾ ಸಂಜೆ ಅವಳು ಒಂದೊಂದಾಗಿ ಕೂಗುವುದು, ಕಿಟಕಿಯಿಂದ ಒಂದೊಂದಾಗಿ ಓ ಬರುವುದು, ಆಮೇಲೆ ಅವಳು ಗುಡಿಸಲಿನಿಂದ ಗುಡಿಸಲಿಗೆ ನಡೆದು ನಿಮ್ಮ ಮಗಳು ಓ ಅಂದಳು ಎಂದು ಹೇಳುವುದು. ಕೋಲಮ್ಮ ತರಗತಿಯಲ್ಲಿ ಹಾಜರಿ ಕರೆಯುವುದನ್ನೇ ಬಿಟ್ಟು, ಸಂಜೆ ಹಾಜರಿ ಪುಸ್ತಕ ಹಿಡಿದು ಕಿಟಕಿಯ ಬಳಿ ನಿಲ್ಲುತ್ತಿದ್ದಳು.

ಗೋಡೆಯೊಳಗಿನ ಬಾಳು ದಿನದಿನಕ್ಕೆ ಇರುಕಾಯಿತು. ಬಾವಿಯಲ್ಲಿ ನೀರಿತ್ತು, ಕಣಜದಲ್ಲಿ ರಾಗಿ ಇತ್ತು. ಉಪ್ಪು ಮುಗಿಯಿತು, ಆಮೇಲೆ ಸೀಮೆಎಣ್ಣೆ ಮುಗಿಯಿತು. ಪಾಠ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಹುಡುಗಿಯರು ಚೌಕದ ಅಂಗಳದಲ್ಲಿ ಸುತ್ತು ಹಾಕುತ್ತಿದ್ದರು. ಒಂದೇ ದಾರಿಯಲ್ಲಿ ನಡೆದು ನಡೆದು ಹುಲ್ಲು ಸವೆದು ಮಣ್ಣು ಕಂಡಿತು ಎನ್ನುತ್ತಾರೆ. ಪೇಟೆಯ ಕಡೆಯಿಂದ ಸಾವಿನ ತಮಟೆಯ ಸದ್ದು ಬಂದಾಗಲೆಲ್ಲ ನಿಂತು ಎಣಿಸುತ್ತಿದ್ದರು, ಇಂದು ಎಷ್ಟನೆಯದೆಂದು. ಚಿಕ್ಕವಳೊಬ್ಬಳು ಊಟ ಬಿಟ್ಟಳು. ಇಬ್ಬರು ಮಂಚದ ಹಗ್ಗ ಬಿಚ್ಚಿ ಗೋಡೆ ಹಾರಲು ನೋಡಿದರು. ಪಿಳ್ಳಮ್ಮ ಅವರ ಕಾಲು ಹಿಡಿದೆಳೆದು ಇಳಿಸಿದಳು. ಪ್ಲೇಗಿಲ್ಲದ ಬೆಟ್ಟದ ಊರಿಗೆ ಹೊರಟು ಬಾ ಎಂದು ಶಾಲೆಯ ಮಿಷನ್ನಿನ ಹಿರಿಯರಿಂದ ಕೋಲಮ್ಮನಿಗೆ ಕಾಗದ ಬಂತು. ಬೀಗದ ಕೈ ಕೊರಳಲ್ಲೇ ಇದ್ದರೂ ಆಕೆ ಹೋಗುವಂತಿರಲಿಲ್ಲ. ಒಳಗಿದ್ದ ಇಪ್ಪತ್ತು ಜನರಿಗೂ ದಿನವೆಂದರೆ ಸಂಜೆಯ ಆ ಗಳಿಗೆಯೊಂದೇ ಆಗಿತ್ತು.

ನಲವತ್ತು ದಿನ ದಾಟಿದ ಮೇಲೆ ಒಂದು ಸಂಜೆ ಗುಂಡಿನ ಮೇಲೆ ಯಾರೂ ಹತ್ತಲಿಲ್ಲ. ಹುಡುಗಿಯರು ಕತ್ತಲಾಗುವ ತನಕ ಕಿಟಕಿ ಬಿಡಲಿಲ್ಲ. ಮರುದಿನ ಮುಂಜಾನೆ ಬಳೆ ಮಾರುವ ಚೌಡಕ್ಕ ಗೇಟಿನ ಆಚೆ ದೂರದಲ್ಲಿ ನಿಂತು ಕೋಲಮ್ಮನನ್ನು ಕರೆದಳು. ಅವಳೂ ಯರ್ರಕ್ಕನೂ ಹೊಲದಲ್ಲಿ ಒಂದೇ ಗುಡಿಸಲು ಹಂಚಿಕೊಂಡಿದ್ದವರು. ಯರ್ರಕ್ಕನಿಗೆ ತೊಡೆಯ ಸಂದಿಯಲ್ಲಿ ಗೆಡ್ಡೆ ಕಟ್ಟಿ ಎರಡೇ ದಿನದಲ್ಲಿ ಮುಗಿದುಹೋಗಿತ್ತು. ಹುಡುಗಿಗೆ ಹೇಳುವುದೋ ಬೇಡವೋ ಎಂದು ಚೌಡಕ್ಕ ಕೇಳಿದಳು. ತಿಳಿದರೆ ಪಿಳ್ಳಮ್ಮ ಗೋಡೆ ಹಾರಿ ಹೋಗುತ್ತಾಳೆ, ಅವಳ ಹಿಂದೆ ಉಳಿದವರೂ ಹಾರುತ್ತಾರೆ, ಹೊರಗೆ ಸಾವು ಕಾದಿದೆ. ಇದು ಕೋಲಮ್ಮನ ಲೆಕ್ಕ. ಹೇಳಬೇಡ ಎಂದಳು. ಅಂದಿನ ಸಂಜೆ ಯರ್ರಕ್ಕನ ಸೀರೆಯಂಥದೇ ಕೆಂಪು ಸೀರೆ ಉಟ್ಟ ಹೆಂಗಸೊಬ್ಬಳು ಗುಂಡು ಹತ್ತಿ ಹತ್ತೊಂಬತ್ತು ಹೆಸರನ್ನೂ ಕೂಗಿದಳು. ದನಿ ಒಡೆದಿತ್ತು. ಹುಡುಗಿಯರು ನೆಗಡಿಯಾಗಿದೆ ಎಂದುಕೊಂಡರು. ಪಿಳ್ಳಮ್ಮನ ಹೆಸರು ಬಂದಾಗ ಕಿಟಕಿಯಿಂದ ಓ ಎಂದು ಕೇಳಿಸಿತು. ಮುಂದೆ ಇಪ್ಪತ್ತಮೂರು ದಿನ ಹಾಗೆಯೇ ನಡೆಯಿತು.

ಸಂಕ್ರಾಂತಿ ಕಳೆದ ಮೇಲೆ ಪ್ಲೇಗು ಇಳಿಯಿತು. ಹತ್ತೊಂಬತ್ತು ಹುಡುಗಿಯರಲ್ಲಿ ಒಬ್ಬಳಿಗೂ ಏನೂ ಆಗಿರಲಿಲ್ಲ. ಗೇಟು ತೆರೆದ ದಿನ ತಾಯಂದಿರು ನುಗ್ಗಿ ಬಂದು ಮಕ್ಕಳನ್ನು ತಬ್ಬಿಕೊಂಡರು. ಎಲ್ಲರೂ ಹೋದ ಮೇಲೆ ಚೌಡಕ್ಕ ಒಳಗೆ ಬಂದು ಪಿಳ್ಳಮ್ಮನ ಮುಂದೆ ಕೂತಳು. ಸೆರಗು ಹಿಂಡುತ್ತಿದ್ದವಳನ್ನು ನೋಡಿ ಹುಡುಗಿಯೇ ಮೊದಲು ಮಾತಾಡಿದಳು.

"ನಂಗೊತ್ತು ಅತ್ತೆ. ಮೊದಲನೇ ದಿನವೇ ಗೊತ್ತಾಯ್ತು."

"ಹ್ಯಾಗೆ ಗೊತ್ತಾಯ್ತೇ ತಾಯಿ?"

"ಅಮ್ಮ ನನ್ನನ್ನ ಕೊನೇಲಿ ಕರೀತಿದ್ಲು. ಕರೆದಾದ್ಮೇಲೆ ಸುಮ್ಮನೆ ಕೂತಿರೋಳು. ನೀವು ಕರೆದು ಇಳಿದುಬಿಡ್ತಿದ್ರಿ."

ಚೌಡಕ್ಕನ ಕಣ್ಣಲ್ಲಿ ನೀರು ಇಳಿಯಿತು. "ಮತ್ತೆ ದಿನಾ ಯಾಕೆ ಓ ಅಂತಿದ್ದೆ?"

"ಅಷ್ಟು ದೂರ ನಡೆದು ಬಂದು ಕರೆಯೋರಿಗೆ ಓ ಅನ್ನದೆ ಇರೋಕಾಗುತ್ತಾ?"

ಬಾಗಿಲಲ್ಲಿ ನಿಂತಿದ್ದ ಕೋಲಮ್ಮನಿಗೆ ಇದು ಕೇಳಿಸಿತು. ಪಿಳ್ಳಮ್ಮ ತಿರುಗಿ, "ನೀವು ಹೇಳ್ಬೇಕಾಗಿತ್ತು" ಎಂದಳು. "ಹೇಳಿದ್ದರೆ ನೀನು ಹೋಗುತ್ತಿದ್ದೆ" ಎಂದಳು ಕೋಲಮ್ಮ. "ಹೋಗ್ತಿದ್ದೆ" ಎಂದಳು ಪಿಳ್ಳಮ್ಮ. ಆಮೇಲೆ ಒಂದು ವರ್ಷ ಅವಳು ಆಕೆಯೊಂದಿಗೆ ಮಾತಾಡಲಿಲ್ಲ. ಪಾಠ ಕೇಳುವಳು, ಬರೆಯುವಳು, ಹಾಜರಿ ಕರೆದರೆ ಎದ್ದು ನಿಲ್ಲುವಳು, ಬಾಯಿ ತೆರೆಯಳು. ಕೋಲಮ್ಮ ಅವಳನ್ನು ಒಂದು ದಿನವೂ ಗದರಲಿಲ್ಲ.

ಪಿಳ್ಳಮ್ಮ ಓದು ಮುಗಿಸಿ, ಬೆಂಗಳೂರಿನಲ್ಲಿ ಉಪಾಧ್ಯಾಯಿನಿಯ ತರಬೇತಿ ಪಡೆದು ಅದೇ ಶಾಲೆಗೆ ಬಂದಳು. ಕೋಲಮ್ಮನ ಮುಪ್ಪಿನಲ್ಲಿ ಆಕೆಯ ಮಂಚದ ಬಳಿ ಇದ್ದವಳು ಪಿಳ್ಳಮ್ಮನೇ. ಇಬ್ಬರೂ ಆ ಮಾತನ್ನು ಮತ್ತೆ ಎತ್ತಿದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕೋಲಮ್ಮ ತೀರಿದ ಮೇಲೆ ಶಾಲೆ ಪಿಳ್ಳಮ್ಮನ ಕೈಗೆ ಬಂತು. ಮುಖ್ಯೋಪಾಧ್ಯಾಯಿನಿಯಾಗಿ ಅವಳು ಮಾಡಿದ ಮೊದಲ ಕೆಲಸ ಗಾರೆಯವರನ್ನು ಕರೆಸಿದ್ದು.

ಇಂದು ಶಾಲೆಗೆ ಹೋದವರು ಆ ಗಾರೆಯವರ ಕೆಲಸವನ್ನು ನೋಡಬಹುದು. ಸುತ್ತುಗೋಡೆ ಮೂರು ಕಡೆ ಎಂಟಡಿ ಎತ್ತರವಿದೆ, ಓಗುಂಡಿನ ಕಡೆ ಮಾತ್ರ ಸೊಂಟದ ಮಟ್ಟಕ್ಕಿದೆ. ಹೊಸಬರು ಬಿದ್ದುಹೋಗಿದೆಯೇ ಎಂದು ಕೇಳುತ್ತಾರೆ. ಭಾನುವಾರ ಮಕ್ಕಳನ್ನು ನೋಡಲು ಬರುವ ತಾಯಂದಿರು ಗೇಟಿನ ತನಕ ಸುತ್ತಿ ಹೋಗುವುದಿಲ್ಲ. ಹಾಸುಬಂಡೆಯ ಮೇಲೆ ನೇರವಾಗಿ ನಡೆದು ಬಂದು, ಆ ಗಿಡ್ಡ ಗೋಡೆಗೆ ಮೈಯೊರಗಿಸಿ, ಒಳಗೆ ತಮ್ಮತ್ತ ಬೆನ್ನು ಮಾಡಿ ನಿಂತ ಮಗಳ ತಲೆ ಬಾಚುತ್ತಿರುತ್ತಾರೆ.