ದೊಡ್ಡ ಕತೆಯ ನಾಲ್ಕನೆಯ ಸಂಪುಟ

"ಗುರುಗಳೇ, ಮುಂದೆ ಯಾವ ಕಥಾಮಾಲೆಯನ್ನು ಓದಲಿ?" ಎಂದು ಚೆನ್ನವೀರನೆಂಬ ಶಿಷ್ಯ ಕೇಳಿದ.

ಮಾಯಾಲೋಕದ ಕತೆಗಳೆಂದರೆ ಅವನಿಗೆ ಪ್ರಾಣ. ಒಂದು ಮಾಲೆಯನ್ನು ಆಗಷ್ಟೇ ಓದಿ ಮುಗಿಸಿದ್ದ. ಈಗ ಅವನ ಮುಂದೆ ಎರಡಿದ್ದವು. ಒಂದು ಚಿಕ್ಕದು, ಪೂರ್ತಿಯಾದದ್ದು. ಇನ್ನೊಂದು ಬಹಳ ದೊಡ್ಡದು. ಬರೆಯುತ್ತಿರುವವರಿಗೆ ವಯಸ್ಸಾಗಿತ್ತು, ಕೊನೆಯ ಸಂಪುಟ ಬರುತ್ತದೋ ಇಲ್ಲವೋ ಯಾರೂ ಹೇಳುವಂತಿರಲಿಲ್ಲ. ಮನಸ್ಸು ದೊಡ್ಡದರ ಕಡೆಗೇ ಎಳೆಯುತ್ತಿದೆ, ಆದರೆ ಮುಗಿಯದ ಕತೆಯನ್ನು ಹಚ್ಚಿಕೊಂಡು ಆಮೇಲೆ ಕೊರಗುವುದೇಕೆ ಎಂಬ ಅಳುಕೂ ಇದೆ ಎಂದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹತ್ತಿ ವ್ಯಾಪಾರಿಯಿದ್ದ. ಅವನ ಹೆಂಡತಿ ಕಾಯಿಲೆ ಬಿದ್ದು ಹಾಸಿಗೆ ಹಿಡಿದಳು. ಅವಳಿಗೂ ಇಂಥ ಕತೆಗಳ ಹುಚ್ಚು. ಪುಸ್ತಕ ಹಿಡಿಯುವ ಶಕ್ತಿ ಕೈಯಲ್ಲಿ ಉಳಿಯದಾದಾಗ ವ್ಯಾಪಾರಿಯೇ ಓದಿ ಹೇಳತೊಡಗಿದ. ಹಾರುವ ಕುದುರೆ, ಮಾತಾಡುವ ಕಾಡು, ಇವೆಲ್ಲ ಅವನಿಗೆ ಮಕ್ಕಳಾಟವೆನಿಸುತ್ತಿತ್ತು. ಮೊದಮೊದಲು ಹತ್ತಿಯ ಧಾರಣೆ ಓದುವ ಹಾಗೆ ಓದಿದ. ಅವಳು ನಕ್ಕಳು. ಬರಬರುತ್ತ ರಾಕ್ಷಸನಿಗೊಂದು ದನಿ, ರಾಣಿಗೊಂದು ದನಿ ತಾನಾಗಿಯೇ ಬಂತು. ಅಂಗಡಿಯಲ್ಲಿ ಕೂತಾಗಲೂ ಅವನಿಗೆ ಸಂಜೆಯ ಓದಿನದೇ ಧ್ಯಾನವಾಯಿತು.

ಹೀಗೆ ಓದುತ್ತಿದ್ದ ಮಾಲೆ ಮುಗಿಯಿತು. ಗ್ರಂಥಾಲಯದಲ್ಲಿ ಮೇಲಿನ ಸಾಲನ್ನೆಲ್ಲ ತುಂಬಿಕೊಂಡಿರುವ ದೊಡ್ಡ ಮಾಲೆಯನ್ನು ತರಲು ಅವಳು ಹೇಳಿದಳು. ಅದೇ ದಿನ ವೈದ್ಯರು ವ್ಯಾಪಾರಿಯನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನವಿಲ್ಲ ಎಂದರು. ಅವನು ಅದನ್ನು ಅವಳಿಗೆ ತಿಳಿಸಲಿಲ್ಲ.

ಗ್ರಂಥಾಲಯದಲ್ಲಿ ಅವನು ದೊಡ್ಡ ಮಾಲೆಯ ಮೊದಲ ಸಂಪುಟವನ್ನು ಕೈಗೆತ್ತಿಕೊಂಡ. ಕತೆಯ ನಡುವೆಯೇ ಅವಳು ಹೋಗಿಬಿಟ್ಟರೆ ಎಂದು ನೆನೆದು ಮತ್ತೆ ಅಲ್ಲೇ ಇಟ್ಟ. ಒಂದು ತೆಳ್ಳನೆಯ ಪುಸ್ತಕ ಆರಿಸಿ ತಂದ. ಕೊನೆಯನ್ನಾದರೂ ಕೇಳಿಕೊಂಡು ಹೋಗಲಿ ಎಂಬುದು ಅವನ ಆಸೆ. ದೊಡ್ಡದನ್ನು ಬೇರೆ ಯಾರೋ ಒಯ್ದಿದ್ದಾರೆ ಎಂದು ಸುಳ್ಳು ಹೇಳಿದ.

ಅವಳು ಪುಸ್ತಕವನ್ನು ನೋಡಿದಳು. ಆಮೇಲೆ ಅವನ ಮುಖವನ್ನು ನೋಡಿದಳು.

"ವೈದ್ಯರು ಇನ್ನು ಇಷ್ಟೇ ದಿನ ಅಂದರಾ?" ಎಂದು ಕೇಳಿದಳು.

ಅವನು ಗೋಡೆಯ ಕಡೆ ಮುಖ ಮಾಡಿ ಅತ್ತ. ಅವನ ಅಳು ಮುಗಿದ ಮೇಲೆ ಅವಳು ಹೇಳಿದಳು:

"ಇದನ್ನು ವಾಪಸು ಕೊಟ್ಟುಬನ್ನಿ. ನನಗೆ ದೊಡ್ಡದೇ ಬೇಕು."

ಅವನು ದೊಡ್ಡದನ್ನೇ ತಂದ. ದಿನವೂ ಬೇಗನೆ ಅಂಗಡಿ ಮುಚ್ಚಿ ಬಂದು ಓದಿದ. ನೋವು ಹೆಚ್ಚಿದ ದಿನ ಅವಳು ಅವನ ಬೆರಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು, ಓದು ನಿಲ್ಲಿಸಲು ಮಾತ್ರ ಬಿಡುತ್ತಿರಲಿಲ್ಲ. ನಾಲ್ಕನೆಯ ಸಂಪುಟದ ನಡುವೆ ರಾಜಕುಮಾರಿ ಕಡಲ ತಳದ ಕೋಟೆಯ ಬಾಗಿಲಿಗೆ ಬಂದು ನಿಂತಳು. ಅಷ್ಟರಲ್ಲಿ ವ್ಯಾಪಾರಿಯ ಗಂಟಲು ಒಣಗಿತ್ತು. ಬಾಗಿಲು ತೆರೆಯುತ್ತದೆಯೇ ಎಂದು ಅವಳು ಕೇಳಿದಳು. ನಾಳೆ ನೋಡೋಣ ಎಂದು ಅವನು ಪುಸ್ತಕ ಮಡಚಿದ. ತೆರೆದೇ ತೆರೆಯುತ್ತದೆ ಎಂದು ಹೇಳಿ ಅವಳು ಕಣ್ಣು ಮುಚ್ಚಿದಳು. ಬೆಳಗಾಗುವಷ್ಟರಲ್ಲಿ ಅವಳಿರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಅವನು ಹಾಸಿಗೆಯಿದ್ದ ಜಾಗದ ಪಕ್ಕದಲ್ಲಿ ಕೂತು ಆ ಪುಟವನ್ನು ತೆರೆದ. ರಾಜಕುಮಾರಿಯ ದನಿಯಲ್ಲಿ ಒಂದೆರಡು ಸಾಲು ಗಟ್ಟಿಯಾಗಿ ಓದಿದ. ಆಮೇಲೇನಾಯಿತು ಎಂದು ಕೇಳುವವರಿರಲಿಲ್ಲ. ಮರುದಿನ ಪುಸ್ತಕವನ್ನು ಹಿಂದಿರುಗಿಸಿದ. ಆ ಬಾಗಿಲು ತೆರೆಯಿತೋ ಇಲ್ಲವೋ ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನ ಕಣ್ಣು ತುಂಬಿತ್ತು.

"ಗುರುಗಳೇ, ಆ ಚಿಕ್ಕ ಪುಸ್ತಕವನ್ನೇ ಓದಿದ್ದರೆ ಅವಳಿಗೆ ಕೊನೆಯಾದರೂ ತಿಳಿಯುತ್ತಿತ್ತಲ್ಲವೇ?"

"ಕೊನೆ ಅವಳಿಗೆ ತಿಳಿದಿತ್ತು ಮಗು, ಅವಳು ಬೇಡಿದ್ದು ನಾಳೆಯನ್ನು" ಎಂದರು ಗುರುಗಳು.